ಭೀಮರಾಯನ ಮೇಟ್

"ಏನಯ್ಯ ಭೀಮರಾಯ, ಇವನೂ ಹೊರಟು ನಿಂತಿದಾನಲ್ಲ!"

ಮೇಲಿನಿಂದ ಸೂಪರ್‌ವೈಸರ್ ಕೇಶವಮೂರ್ತಿಯವರ ದನಿ ಬಂತು. ಗುಂಡಿಯ ದುಂಡನೆಯ ಬಾಯಲ್ಲಿ ಅವರ ತಲೆ, ತಲೆಯ ಹಿಂದೆ ಮುಂಬಯಿಯ ಕಾಂದಿವಲಿಯ ಬಿಳಿಚಿದ ಆಕಾಶ. ಕೆಳಗೆ ಭೀಮರಾಯ ಒಂದು ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು ಕೂತಿದ್ದ. ಅವನ ಮುಂದೆ ಸೀಸದ ಸಿಪ್ಪೆ ಸುಲಿದ ಟೆಲಿಫೋನ್ ಕೇಬಲ್ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಒಳಗಿನ ತಂತಿಗಳು, ಕಾಗದ ಸುತ್ತಿಕೊಂಡ ನೂರಾರು ತಂತಿಗಳು, ಕೊಯ್ದ ಹುಲ್ಲಿನ ಸಿವುಡಿನಂತೆ ಕೆದರಿಕೊಂಡಿದ್ದವು.

"ಒಂದ್ ನಿಮಿಷ ಸುಮ್ನಿರ್ರಿ ಸಾಹೇಬ್ರ," ಎಂದ ಭೀಮರಾಯ. "ಕೇಳ್ಲಾಕತ್ತೀನಿ."

"ಯಾರ ಮಾತು ಕೇಳ್ತಿದೀಯ? ಆ ಕಡೆ ಇರಬೇಕಾದೋನು ಇಲ್ಲಿ ನನ್ನ ಪಕ್ಕದಲ್ಲಿ ನಿಂತಿದಾನೆ ಕಣೋ!"

ಭೀಮರಾಯ ತಲೆ ಎತ್ತಿದ. ನಿಜವಾಗಿಯೂ ಕೇಶವಮೂರ್ತಿಯವರ ಭುಜದ ಪಕ್ಕದಲ್ಲಿ ಹೊಸ ಮೇಟ್‌ನ ಮುಖ ಇಣುಕುತ್ತಿತ್ತು. ರತ್ನಾಗಿರಿ ಕಡೆಯ ಹುಡುಗ, ಬಂದು ವಾರವೂ ಆಗಿರಲಿಲ್ಲ.

"ಸಾಬ್, ಅಪುನ್ ನಹೀ ಬೈಠೇಗಾ," ತಾನಿನ್ನು ಕೂರುವುದಿಲ್ಲ ಎಂದು ಆತ ಕೈ ಮುಗಿದುಬಿಟ್ಟ. ತಾನು ಮಾತಾಡದೇ ಇದ್ದಾಗಲೂ ಈ ಮನುಷ್ಯ ಲೈನಿನಲ್ಲಿ ಇನ್ಯಾರಿಗೋ ಉತ್ತರ ಕೊಡುತ್ತಾನೆ, 'ಹೇಳೋ, ಸಿಟ್ಟು ಬಿಡೋ' ಎಂದು ಏನೋ ಕನ್ನಡದಲ್ಲಿ ಅನ್ನುತ್ತಾನೆ ಎಂದು ಹಿಂದಿಯಲ್ಲಿ ಗಡಿಬಿಡಿಯಲ್ಲಿ ಹೇಳಿ, ಚಪ್ಪಲಿ ಕೈಯಲ್ಲಿ ಹಿಡಿದು ಸ್ಟೇಷನ್ ದಾರಿ ಹಿಡಿದ. ದೀಪಾವಳಿ ಆದ ಮೇಲೆ ಹೀಗೆ ಹೋದವರಲ್ಲಿ ಅವನು ಮೂರನೆಯವನು.

ಭೀಮರಾಯ ಹೆಡ್‌ಫೋನ್ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಅದರಿಂದ ಸಣ್ಣಗೆ ಉಸಿರು ಬರುತ್ತಿತ್ತು. ಲೈನಿನ ಸದ್ದು ಎಂದು ಯಾರು ಬೇಕಾದರೂ ಹೇಳಬಹುದು. ಅವನಿಗೆ ಮಾತ್ರ ಅದು ತಮ್ಮನ ಉಸಿರಾಗಿಯೇ ಕೇಳುತ್ತಿತ್ತು.

ಭೀಮರಾಯ, ತಮ್ಮ ಹಣಮಂತ ಇಬ್ಬರೂ ಯಾದಗಿರಿ ಕಡೆಯಿಂದ ಮುಂಬಯಿಗೆ ಬಂದದ್ದು ರಸ್ತೆ ಅಗೆಯಲು. ಕನ್ನಡ ಮಾತಾಡುವವರು ಎಂಬ ಒಂದೇ ಮೋಹಕ್ಕೆ ಕೇಶವಮೂರ್ತಿಯವರು ಅವರನ್ನು ಗುದ್ದಲಿಯಿಂದ ಬಿಡಿಸಿ ಕೇಬಲ್ ಕೆಲಸಕ್ಕೆ ಹಚ್ಚಿದ್ದರು. ಮೈಸೂರಿನವರು, ಸಯನ್‌ನಲ್ಲಿ ಫ್ಲಾಟು, ಸಂಜೆ ಮನೆ ಸೇರುವವರೆಗೆ ಕನ್ನಡಕ್ಕೆ ಬಾಯಿ ಕಡಿಯುತ್ತಿತ್ತು. ಮೊದಲ ದಿನ ರಸ್ತೆ ಬದಿಯಲ್ಲಿ ನಿಂತೇ ಪಾಠ ಮಾಡಿದ್ದರು.

"ಜಾಯಿನ್ ಅಂದ್ರೆ ಕೂಡಿಸೋದು. ಜಾಯಿಂಟರ್ ಅಂದ್ರೆ ಕೂಡಿಸೋನು. ಅದು ನೀನು ಭೀಮರಾಯ. ಮೇಟ್ ಅಂದ್ರೆ ಜೊತೆಗಿರೋನು. ಅದು ನೀನು ಹಣಮಂತ."

"ಜೊತಿಗಿದ್ದು ಏನ್ ಮಾಡೋದ್ರಿ?"

"ಜೊತೆಗಿರೋದೇ ಕಣಯ್ಯ ಕೆಲಸ."

"ಅಬಬಬ! ಸುಮ್ನ ಕುಂತ್ರ ಪಗಾರ!" ಎಂದು ಹಣಮಂತ ನಕ್ಕಿದ್ದ.

ಸುಮ್ಮನೆ ಕೂರುವ ಕೆಲಸವೇನೂ ಅಲ್ಲ ಅದು. ಕೇಬಲಿನ ಈ ತುದಿಯ ಗುಂಡಿಯಲ್ಲಿ ಭೀಮರಾಯ, ಆ ತುದಿಯ ಗುಂಡಿಯಲ್ಲಿ ಹಣಮಂತ. ನಡುವೆ ಕೂಗಿದರೂ ಕೇಳದಷ್ಟು ದೂರ. ಇಬ್ಬರ ಕಿವಿಗೂ ಹೆಡ್‌ಫೋನು, ಎದೆಗೆ ಮಾತಾಡುವ ಕೊಳವೆ. ಹಣಮಂತ ಒಂದು ಜೋಡಿ ತಂತಿಗೆ ಬ್ಯಾಟರಿ ಮುಟ್ಟಿಸಿ 'ಪೇರ್ ಒಂದು' ಅನ್ನಬೇಕು. ಭೀಮರಾಯ ತನ್ನ ಕಡೆಯ ತಂತಿಗಳಲ್ಲಿ ತಡಕಿ, ಕಿವಿಯಲ್ಲಿ ಟಿಕ್ ಅಂದ ಜೋಡಿಯನ್ನು ಹಿಡಿದು 'ಥ್ರೂ' ಅನ್ನಬೇಕು. ಅಂದರೆ ಈ ಕಡೆಯದು ಆ ಕಡೆಗೆ ಮುಟ್ಟಿತು. ಆಮೇಲೆ ತಿರುಚಿ, ಕಾಗದದ ತೋಳು ತೊಡಿಸಿ, ಮುಂದಿನ ಪೇರ್. ಹೊಸ ಇಂಡಸ್ಟ್ರಿಯಲ್ ಎಸ್ಟೇಟಿನ ಸೇಠ್‌ಗಳೆಲ್ಲ ಫೋನಿಗಾಗಿ ವರ್ಷಗಟ್ಟಲೆ ಕಾದು ಕೂತಿದ್ದ ಕಾಲ. ಬೆಳಗಿನಿಂದ ಸಂಜೆಯವರೆಗೆ ಪೇರ್, ಥ್ರೂ, ಪೇರ್, ಥ್ರೂ.

ನಿಯಮದಂತೆ ಪ್ರತಿ ಗುಂಡಿಯ ಬಾಯಲ್ಲಿ ಒಬ್ಬ ಕಾವಲು ಇರಬೇಕಿತ್ತು. ಕಂತ್ರಾಟುದಾರ ಕೊಟ್ಟಿರಲಿಲ್ಲ. ಅದಕ್ಕೆ ಕೇಶವಮೂರ್ತಿಯವರೇ ಉಪಾಯ ಹೇಳಿದ್ದರು: "ಒಬ್ಬರಿಗೊಬ್ಬರು ಕಂಪನಿ ಕೊಡ್ತಾ ಇರಿ. ಮಾತು ನಿಲ್ಲಿಸ್ಬೇಡಿ. ಮಾತು ನಿಂತ್ರೆ ಓಡಿಹೋಗಿ ನೋಡಿ." ಹಾಗಾಗಿ ಅಣ್ಣತಮ್ಮ ದಿನವಿಡೀ ಮಾತಾಡುತ್ತಿದ್ದರು. ಊರಿನ ಎಮ್ಮೆ, ಸೇಠ್‌ನ ಹೊಟ್ಟೆ, ತಾವಿದ್ದ ದಹಿಸರ್ ಚಾಳಿನ ನಳದ ಜಗಳ. ಜಗಳವಾದ ದಿನ ಹಣಮಂತ ಮುನಿಸಿಕೊಂಡರೆ ನಂಬರ್ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ, ಕೊನೆಗೆ ನಂಬರನ್ನೂ ಹೇಳುತ್ತಿರಲಿಲ್ಲ. ಆದರೂ ಇದ್ದೇನೆ ಎಂದು ಗೊತ್ತಾಗಲು ಕೊಳವೆಗೆ ಉಸಿರು ಊದುತ್ತಿದ್ದ. ಫೂ... ಫೂ... ಭೀಮರಾಯನಿಗೆ ನಗು ಬಂದು, ಒಲಿಸಿಕೊಳ್ಳುತ್ತಿದ್ದ.

ಆ ಇಂಗ್ಲಿಷ್ ಮಾತುಗಳು ಹಣಮಂತನ ಬಾಯಲ್ಲಿ ಮನೆಗೂ ಬಂದಿದ್ದವು. ತಾಟಿನಲ್ಲಿ ಒಂದೇ ರೊಟ್ಟಿ ಬಿದ್ದರೆ ಹೆಂಡತಿಗೆ "ಸುಂದ್ರಿ, ಪೇರ್ ಹಾಕು," ಅನ್ನುವನು. ನಳಕ್ಕೆ ನೀರು ಬಂದರೆ ಇಡೀ ಚಾಳಿಗೆ ಕೇಳುವಂತೆ "ಥ್ರೂ!" ಎಂದು ಕೂಗುವನು. ಲೋಕಲ್‌ನ ಗದ್ದಲದಲ್ಲಿ ಹೆಂಡತಿಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು "ಕನೆಕ್ಷನ್ ತಪ್ಪಬಾರದು" ಅನ್ನುವನು. ಸುಂದ್ರವ್ವ ಸೆರಗಿನೊಳಗೇ ನಗುತ್ತಿದ್ದಳು. ಭಾವನ ಎದುರು ಅವಳು ನಗುವ ಹಾಗಿರಲಿಲ್ಲ, ಮಾತಾಡುವ ಹಾಗೂ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಭೀಮರಾಯನಿಗೆ ಏನು ಹೇಳಬೇಕಿದ್ದರೂ ಅವನ ಹೆಂಡತಿ ಮಲ್ಲಕ್ಕನ ಮೂಲಕವೇ: 'ಅಕ್ಕಾ, ಭಾವಾರಿಗೆ ನೀರು ಕಾದಾವ ಅಂತ ಹೇಳ್ರಿ.' ಭಾವ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದ.

ಮಳೆಗಾಲ ಮುಗಿಯುತ್ತಿದ್ದಾಗ ಹಣಮಂತ ಗುಂಡಿಯಲ್ಲೇ ಸತ್ತ. ಭೀಮರಾಯ ಊರಿಗೆ ಹೆಣ ಒಯ್ದು "ಚಕ್ಕರ್ ಬಂದು ಬಿದ್ದ" ಎಂದಷ್ಟೇ ಹೇಳಿದ. ಆ ದಿನ ಬೆಳಿಗ್ಗೆ ಗಂಡ ಹೆಂಡತಿ ಏನೋ ಮಾತಿಗೆ ಜಗಳವಾಡಿದ್ದರೆಂದೂ, ಅವನು ಉಣ್ಣದೆ ಹೊರಟಿದ್ದನೆಂದೂ ಮಲ್ಲಕ್ಕನ ಬಾಯಿಂದ ಹೊರಬಿತ್ತು. ತಾಯಿ ಬಸಲಿಂಗವ್ವ ಅದನ್ನು ಹಿಡಿದುಕೊಂಡಳು. "ಹಸದ ಹೊಟ್ಟ್ಯಾಗ ಕಳಿಸಿ ಕೊಂದ್ಯಲ್ಲೇ ನನ್ನ ಮಗನ್ನ!" ಎಂದು ಹೆಣದ ಮುಂದೆಯೇ ಸೊಸೆಯ ಕೂದಲಿಗೆ ಕೈ ಹಾಕಿದಳು. ಭೀಮರಾಯ ಗೋಡೆಗೆ ಒರಗಿ ನಿಂತಿದ್ದ. ಅದು ಸುಳ್ಳು ಎಂದು ಗೊತ್ತಿದ್ದದ್ದು ಅವನೊಬ್ಬನಿಗೇ. ಅವನು ಬಾಯಿ ಬಿಡಲಿಲ್ಲ.

ಮರಳಿ ಬಂದ ಮೇಲೆ ಸುಂದ್ರವ್ವ ಮಲ್ಲಕ್ಕನ ಜೊತೆ ರಸ್ತೆ ಅಗೆಯುವ ಗ್ಯಾಂಗಿಗೆ ಸೇರಿದಳು. ಹೊತ್ತು ಮುಳುಗುವವರೆಗೆ ಅವಳು ಏನೂ ತಿನ್ನುತ್ತಿರಲಿಲ್ಲ. ಚಾ ಕೂಡ ಇಲ್ಲ. ಹಸಿದ ಹೊಟ್ಟೆಯಲ್ಲೇ ಬುಟ್ಟಿ ಹೊರುತ್ತಿದ್ದಳು. ಮಲ್ಲಕ್ಕ ಬೈದಳು, ಅತ್ತಳು, ಕೈಬಿಟ್ಟಳು. ಭೀಮರಾಯ ದಿನವೂ ನೋಡುತ್ತಿದ್ದ.

ಈಗ ಸುಂದ್ರವ್ವನ ಅಣ್ಣ ಅಣವೀರಪ್ಪ ನಾಳೆ ಬರುವವನಿದ್ದ. ತವರಿಗೆ ಕರೆದೊಯ್ಯಲು. ಇನ್ನು ಅವಳು ಮುಂಬಯಿಗೆ ಬರುವ ಮಾತಿರಲಿಲ್ಲ.

ಕೇಶವಮೂರ್ತಿಯವರು ಗುಂಡಿಯ ಬಾಯಲ್ಲಿ ಕೂತು ಹಣೆ ಒತ್ತಿಕೊಂಡರು. "ಕೇಬಲ್ ಬಾಯಿ ಬಿಚ್ಚಿದೆ. ಇವತ್ತು ಮುಚ್ಚದಿದ್ರೆ ರಾತ್ರಿ ತೇವ ಕುಡಿಯತ್ತೆ. ಯಾರನ್ನ ತರ್ಲಿ ಈಗ? ಎಣಿಸೋಕೆ ಬಂದ್ರೆ ಸಾಕು, ಮಾತಾಡೋಕೆ ಬಂದ್ರೆ ಸಾಕು."

ಪಕ್ಕದ ಚರಂಡಿಯಲ್ಲಿ ಮಣ್ಣು ಎತ್ತುತ್ತಿದ್ದ ಹೆಂಗಸರ ಕೈ ನಿಂತವು. ಸುಂದ್ರವ್ವ ಬುಟ್ಟಿ ಇಳಿಸಿ, ಮಲ್ಲಕ್ಕನ ಕಿವಿಯ ಹತ್ತಿರ ಹೋಗಿ ಏನೋ ಅಂದಳು.

"ಏನ್ ಹುಚ್ಚೇನೇ ನಿನಗ!" ಎಂದಳು ಮಲ್ಲಕ್ಕ ಜೋರಾಗಿ.

"ಹೇಳ್ರಿ ಅಕ್ಕಾ."

"ನಾ ಹೇಳಂಗಿಲ್ಲ. ಆ ಗುಂಡ್ಯಾಗ?"

"ಹೇಳ್ರಿ."

ಮಲ್ಲಕ್ಕ ಗಂಡನ ಕಡೆ ನೋಡದೆ ಸಾಹೇಬರ ಕಡೆ ತಿರುಗಿದಳು. "ಸಾಹೇಬ್ರ, ಈಕಿ ತಾ ಕೂಡ್ತೀನಿ ಅಂತಾಳ್ರಿ. ಆ ಕಡಿ."

ಕೇಶವಮೂರ್ತಿಯವರು ಕನ್ನಡಕ ಸರಿಮಾಡಿಕೊಂಡರು. ಸುಂದ್ರವ್ವ ಯಾರೆಂದು ಅವರಿಗೆ ಗೊತ್ತಿತ್ತು. "ಅಲ್ಲಮ್ಮ... ಇಂಗ್ಲಿಷ್ ಮಾತು ನಾಲ್ಕು ಬೇಕಾಗತ್ತೆ. ಥ್ರೂ ಅಂದ್ರೆ ಏನು, ಗೊತ್ತಾ?"

"ನಳಕ್ಕ ನೀರು ಬಂತು ಅಂತ ಹೇಳ್ರಿ ಅಕ್ಕಾ," ಎಂದಳು ಸುಂದ್ರವ್ವ.

ಗ್ಯಾಂಗಿನ ಹೆಂಗಸರು ಕಿಸಕ್ಕನೆ ನಕ್ಕರು. ಮಲ್ಲಕ್ಕ ನಗಲಿಲ್ಲ. ಗುಂಡಿಯೊಳಗೆ ಭೀಮರಾಯ ಕಣ್ಣು ಮುಚ್ಚಿಕೊಂಡ.

ಆ ಕಡೆಯ ಗುಂಡಿಗೆ ಕೇಶವಮೂರ್ತಿಯವರೇ ನಿಂತು ಮೊದಲು ಕಂದೀಲು ಇಳಿಸಿದರು. ಅದು ಬಹಳ ಹೊತ್ತು ಅಲುಗದೆ ಉರಿದ ಮೇಲೆಯೇ ಸುಂದ್ರವ್ವ ಏಣಿ ಇಳಿದಳು. ಇದು ಹಣಮಂತ ಸತ್ತ ಗುಂಡಿಯಲ್ಲ; ಅದು ಸ್ಟೇಷನ್ ಹತ್ತಿರದ್ದು, ಮುಚ್ಚಳದ ಮೇಲೆ ಈಗ ಹೊಸ ಡಾಂಬರು ಬಿದ್ದಿದೆ. ಆದರೂ ಮಲ್ಲಕ್ಕ ಬಾಯಲ್ಲೇ ಏನೇನೋ ಗೊಣಗುತ್ತ, ಸುಂದ್ರವ್ವ ಇಳಿದ ಜಾಗಕ್ಕೆ ಹಿಡಿ ಮಣ್ಣು ನಿವಾಳಿಸಿ ಎಸೆದು, ಕೆಲಸಕ್ಕೆ ಮರಳಿದಳು. ಸಾಹೇಬರು ಎಸ್ಟೇಟಿನ ಆಫೀಸಿಗೆ ಹೋದರು.

ಭೀಮರಾಯ ಹೆಡ್‌ಫೋನ್ ಹಾಕಿಕೊಂಡ.

"ಪೇರ್ ಒಂದು ರೀ."

ಹೆಣ್ಣುದನಿ. ಇಷ್ಟು ವರ್ಷ ಗೋಡೆಯ ಆಚೆಯಿಂದ, ಬೆನ್ನ ಹಿಂದಿನಿಂದ, ಬೇರೆಯವರ ಕಿವಿಗೆ ಆಡಿದ್ದನ್ನು ಮಾತ್ರ ಕೇಳಿದ್ದ ದನಿ ಈಗ ನೇರ ಅವನ ಕಿವಿಯೊಳಗೇ ಕೂತು ಮಾತಾಡುತ್ತಿತ್ತು.

"ಥ್ರೂ," ಎಂದ.

"ಪೇರ್ ಎರಡು ರೀ."

"ರೀ ಬ್ಯಾಡವ್ವಾ. ಬರೇ ಪೇರ್ ಅನ್ನು."

"ಹೂಂ ರೀ."

ಕೆಲಸ ಹರಿಯಿತು. ಅವಳು ಎಣಿಕೆ ತಪ್ಪಲಿಲ್ಲ. ಹಣಮಂತನ ಹಾಗೆಯೇ 'ಪೇರ್' ಅನ್ನುವಾಗ ರಕಾರ ಸ್ವಲ್ಪ ಹೆಚ್ಚು ಎಳೆಯುತ್ತಿದ್ದಳು. ಅವಳು ಎಣಿಸುವ ನಡುವೆ ಲೈನಿನಲ್ಲಿ ಎಂದಿನ ಆ ಉಸಿರು ಇರಲಿಲ್ಲ. ಅದು ಎಲ್ಲಿಗೆ ಹೋಯಿತು ಎಂದು ಅವನು ಹುಡುಕುತ್ತಿದ್ದ. ಕೆಲಸ ಮಾತ್ರ ಬೀಡಿಗೆಂದು ನಿಲ್ಲಲಿಲ್ಲ, ನೀರಿಗೆಂದು ನಿಲ್ಲಲಿಲ್ಲ. ತಂತಿಗಳ ಅರ್ಧ ಸಿವುಡು ಕೂಡಿಸಿ ಮುಗಿದಿತ್ತು.

ಮುಂದಿನ ನಂಬರ್ ಬರಬೇಕಾದಲ್ಲಿ ಬೇರೆ ಮಾತು ಬಂತು.

"ಭಾವಾರ."

ಅವನ ಕೈ ನಿಂತಿತು.

"ಒಂದ್ ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ. ನಾಳಿ ನಮ್ಮಣ್ಣ ಬಂದ್ರ ಮತ್ತ ಕೇಳಾಕ ಆಗಂಗಿಲ್ಲ."

"ಕೇಳವ್ವ."

"ಅವತ್ತ ಅವ್ರು ಹಸಿವಿ ಆಗ್ಯಾದ ಅಂತ ನಿಮ್ಮುಂದ ಅಂದ್ರೇನ್ರಿ? ಎಲ್ಲಾ ನಿಮ್ಮುಂದ ಹೇಳ್ತಿದ್ರು. ನನಗ ಬೈದ್ರೇನು? ಏನ್ ಬೈದ್ರು ಹೇಳ್ರಿ. ಅದಷ್ಟ ಕೇಳ್ಬೇಕಂತ ಇಲ್ಲಿ ಇಳದೀನಿ."

'ಇಲ್ಲ, ಏನೂ ಅನ್ನಲಿಲ್ಲ' ಅನ್ನಬಹುದಿತ್ತು. ಅಷ್ಟು ಸಾಕಿತ್ತು. ನಾಳೆ ಅವಳು ರೈಲು ಹತ್ತುತ್ತಿದ್ದಳು. ಭೀಮರಾಯ ಕೈಯಲ್ಲಿದ್ದ ಜೋಡಿ ತಂತಿಯನ್ನು ನೋಡಿದ. ಹಸಿದ ಹೊಟ್ಟೆಯಲ್ಲಿ ನಡೆಯುವಾಗ ಅವಳ ತಲೆಯ ಮೇಲಿನ ಬುಟ್ಟಿ ಓಲಾಡುತ್ತಿದ್ದದ್ದು ನೆನಪಾಯಿತು.

"ಉಂಡಿದ್ದ," ಎಂದ.

"ಏನ್ರಿ?"

"ಅಂವ ಉಂಡಿದ್ದವ್ವಾ. ಸ್ಟೇಷನ್ ಇಳದ ಕೂಡ್ಲೆ ನನ್ನ ಬುತ್ತಿ ಬಿಚ್ಚಿ ಕೊಟ್ಟೆ. ಎಲ್ಲಾ ತಿಂದ. ಮಲ್ಲಕ್ಕ ವೈನಿ ಪುಂಡಿಪಲ್ಯಾಕ ಉಪ್ಪು ಹಾಕೋದ ಮರ್ತಾಳ, ಸುಂದ್ರಿ ಮಾಡಿದ್ರ ಹಿಂಗ ಇರಂಗಿಲ್ಲ ಅಂದ. ಬೈಲಿಲ್ಲ. ಹಸದು ಸಾಯಲಿಲ್ಲ ಅಂವ."

ಆ ಕಡೆಯಿಂದ ಬಹಳ ಸಣ್ಣಗೆ: "ಹಂಗಾರ ಯಾಕ ಸತ್ರು?"

"ಗುಂಡ್ಯಾಗ ಕೆಟ್ಟ ಗಾಳಿ ತುಂಬಿತ್ತು. ಮಳಿಗಾಲ ಪೂರ್ತಿ ಮುಚ್ಚಿದ ಗುಂಡಿ. ಕಂದೀಲು ಇಳಿಸಿ ನೋಡ್ಬೇಕಿತ್ತು, ಆರಿದ್ರ ಗೊತ್ತಾಗ್ತಿತ್ತು. ನೋಡಲಿಲ್ಲ. ಡಾಕ್ಟರ್ ಹೇಳಿದ ನನಗ. ನಾ ಊರಾಗ ಹೇಳಲಿಲ್ಲ."

"ಯಾಕ ಹೇಳಲಿಲ್ರಿ?"

"ಹೇಳಿದ್ರ ಅವ್ವ ಕೇಳ್ತಿದ್ಳು, ಅಷ್ಟೊತ್ತನ ನೀ ಏನ್ ಮಾಡ್ಲಾಕತ್ತಿದ್ದಿ ಅಂತ."

"ಏನ್ ಮಾಡ್ಲಾಕತ್ತಿದ್ರಿ?"

"ಚಾ ಕುಡೀಲಾಕತ್ತಿದ್ದೆ."

ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ತಾನೂ ಜಾಯಿಂಟರ್ ಆಗುತ್ತೇನೆ, ಸಾಹೇಬರಿಗೆ ಒಂದು ಮಾತು ಹೇಳು ಎಂದು ಹಣಮಂತ ಕೇಳಿದ್ದು. ನೀನು ಮೇಟ್, ಮೇಟ್ ಆಗಿಯೇ ಇರು ಎಂದು ತಾನು ಅಂದದ್ದು. ಅವನು ಮುನಿಸಿಕೊಂಡು ಮಾತು ಬಿಟ್ಟದ್ದು. ಎಲ್ಲವನ್ನೂ ಅವನು ಎದೆಯ ಮೇಲಿನ ಕೊಳವೆಗೆ ಹೇಳಿದ.

"ಉಸಿರು ಊದ್ತಿದ್ನಲ್ಲವ್ವಾ, ಸಿಟ್ಟು ಬಂದ್ರ? ಅವತ್ತೂ ಕೇಳ್ಲಾಕತ್ತಿತ್ತು. ಉದ್ದುದ್ದ ಉಸಿರು. ಹಂಗ ಎಂದೂ ಊದಿರಲಿಲ್ಲ. ನಾ ಅದು ಸಿಟ್ಟು ಅಂದ್ಕೊಂಡೆ. ಊದೋ, ಸಂಜೀತನ ಊದು, ನಿನ್ನ ಯಾರ್ ಸಮಾಧಾನ ಮಾಡ್ತಾರ ನೋಡ್ತೀನಿ ಅಂದೆ. ಹೆಡ್‌ಫೋನ್ ತೆಗದಿಟ್ಟು ಮ್ಯಾಲ ಹೋದೆ. ಚಾ ಕುಡದು, ಮತ್ತೊಂದು ಹೇಳ್ದೆ. ಬಂದು ಕಿವಿಗಿ ಹಚ್ಚಿದ್ರ ಏನೂ ಇರಲಿಲ್ಲ. ಆಗನೂ ಓಡಲಿಲ್ಲ ನಾ. ಹಟ ಮಾಡ್ತಾನ ಅಂತ ಕುಂತೆ..."

ಅವನು ಅಂಗಿಯ ತೋಳಿಗೆ ಮೂಗು ಒರೆಸಿಕೊಂಡು ಕಾದ. ಬೈಗುಳ ಬರಲಿ ಎಂದು ಕಾದ.

ಮೊದಲು ಉಸಿರು ಕೇಳಿಸಿತು. ತಡೆತಡೆದು ಬರುವ, ಉದ್ದನೆಯ ಉಸಿರು. ಯಾರದು ಎಂದು ಅವನಿಗೆ ಗೊತ್ತಾಗಲಿಲ್ಲ. ಅವಳದೇ ಇರಬೇಕು. ಅವಳದಲ್ಲದಿದ್ದರೆ? ಅವನು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡ. ಆಮೇಲೆ ಅದೂ ನಿಂತಿತು.

"ಅವ್ವಾ."

ಇಲ್ಲ.

"ಸುಂದ್ರವ್ವಾ, ಪೇರ್ ಹೇಳವ್ವಾ. ಬೈಯವ್ವಾ ಬೇಕಾರ. ಸುಂದ್ರವ್ವಾ!"

ಕಂದೀಲು ಸರಿಯಾಗಿ ಉರಿದಿತ್ತು. ಸಾಹೇಬರೇ ನೋಡಿದ್ದರು. ಸಿಟ್ಟು ಬಂದಿರಬೇಕು, ಬರದೇ ಇರುತ್ತದೆಯೇ? ಅಳುತ್ತಿರಬೇಕು. ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ...

ಅಷ್ಟು ಯೋಚಿಸುವುದರೊಳಗೆ ಅವನ ಹೆಡ್‌ಫೋನು, ಕೊಳವೆ ಎಲ್ಲವೂ ಧಡ್ಡನೆ ಕೆಳಗೆ ಬಿದ್ದಿದ್ದವು. ಕಬ್ಬಿಣದ ಏಣಿಗೆ ಮೊಣಕಾಲು ಹೊಡೆದು, ಚರ್ಮ ಕಿತ್ತು, ಗುಂಡಿಯ ಬಾಯಿಂದ ರಸ್ತೆಗೆ ಬಿದ್ದ. ಎದ್ದ. ಓಡಿದ. ಮಣ್ಣಿನ ಗುಡ್ಡೆಗಳ ಪಕ್ಕದಲ್ಲಿ, ಸೈಕಲ್ಲಿನವರನ್ನು ತಳ್ಳಿಕೊಂಡು, ಚಾದ ಗಾಡಿಯ ಮುಂದಿನ ಬೆಂಚನ್ನು ಕೆಡವಿಕೊಂಡು ಓಡಿದ. "ಅರೆ, ಕಾಯ್ ಝಾಲಾ ರೇ?" ಏನಾಯಿತೆಂದು ಯಾರೋ ಕೂಗಿ ಕೇಳಿದರು. ಚರಂಡಿಯಲ್ಲಿದ್ದ ಮಲ್ಲಕ್ಕ ಗುದ್ದಲಿ ಬಿಟ್ಟು ಎದ್ದು ನಿಂತಳು. ನಲವತ್ತೈದರ ಗಂಡ ಹೀಗೆ ಓಡಿದ್ದನ್ನು ಅವಳು ನೋಡಿರಲಿಲ್ಲ.

ಬಣ್ಣದ ಫ್ಯಾಕ್ಟರಿಯ ಗೇಟಿನ ಹತ್ತಿರ ರಸ್ತೆ ತಿರುಗುತ್ತದೆ. ಭೀಮರಾಯ ಅಲ್ಲಿ ತಿರುಗುವಾಗ ಎದುರಿನಿಂದ ಸುಂದ್ರವ್ವ ಓಡಿಬರುತ್ತಿದ್ದಳು.

ಬರಿಗಾಲು. ಸೀರೆಯ ನೆರಿಗೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ಅದರ ತುದಿ, ಅಳು ಕೇಳದಂತೆ ಬಾಯಲ್ಲಿ ಕಚ್ಚಿ ಕಚ್ಚಿ, ಒದ್ದೆ ಮುದ್ದೆಯಾಗಿ ಎದೆಯ ಮೇಲೆ ಬಿದ್ದಿತ್ತು. ಅವನನ್ನು ಕಂಡದ್ದೇ ಗಕ್ಕನೆ ನಿಂತಳು. ಅವನೂ ನಿಂತ. ನಡುವೆ ಒಂದು ಕೈಗಾಡಿ ಹಾಯುವಷ್ಟು ಜಾಗ. ಇಬ್ಬರಿಗೂ ಏದುಸಿರು.

ಭೀಮರಾಯ ಅವಳ ಮುಖ ನೋಡಿದ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅದನ್ನು ಅವನು ನೆಟ್ಟಗೆ ನೋಡಿರಲಿಲ್ಲ. ಅಲ್ಲಿ ಸಿಟ್ಟಿತ್ತೋ ಭಯವಿತ್ತೋ ಹೇಳಲಾಗುವಂತಿರಲಿಲ್ಲ.

ಮಲ್ಲಕ್ಕ ಕೂಗುತ್ತಲೇ ಬಂದಳು. "ಏನಾತು? ಯಾರಿಗೇನಾತು? ಒಬ್ಬರಾರ ಬಾಯಿ ಬಿಡ್ರಿ!"

ಸುಂದ್ರವ್ವ ಅವಳ ತೋಳು ಹಿಡಿದುಕೊಂಡಳು. ಉಸಿರು ಸಿಕ್ಕಲು ಸ್ವಲ್ಪ ಹೊತ್ತು ಹಿಡಿಯಿತು.

"ಅಕ್ಕಾ," ಎಂದಳು, ಕಣ್ಣು ಭೀಮರಾಯನ ಮೇಲಿಂದ ತೆಗೆಯದೆ. "ಮಾತಾಡ್ಲಾಕತ್ತವ್ರು ಒಮ್ಮಿಂದೊಮ್ಮೆ ಇಲ್ದಂಗ ಆದ್ರು. ಧಡ್ ಅಂತ ಏನೋ ಬಿತ್ತು. ಅದಕ್ಕ ಓಡಿ ಬಂದೆ ಅಂತ ಹೇಳ್ರಿ."

ಮಲ್ಲಕ್ಕ ಗಂಡನ ಕಡೆ ತಿರುಗಿದಳು. ಬಾಯಿ ತೆರೆದವಳು, ಅವನ ಮುಖ ನೋಡಿ, ಏನೂ ಹೇಳದೆ ಮುಚ್ಚಿಕೊಂಡಳು.

ಮೂವರೂ ಗೇಟಿನ ಮುಂದೆ ಹಾಗೆಯೇ ನಿಂತಿದ್ದರು. ಫ್ಯಾಕ್ಟರಿಯಿಂದ ಹೊರಟ ಲಾರಿಯೊಂದು ಹಾರ್ನ್ ಹೊಡೆದು, ಅವರನ್ನು ಬಳಸಿಕೊಂಡು, ಎಸ್ಟೇಟಿನ ಕಡೆ ಹೋಯಿತು. ಈ ಕಡೆಯ ಗುಂಡಿಯಲ್ಲಿ ಯಾರೂ ಇರಲಿಲ್ಲ. ಆ ಕಡೆಯದರಲ್ಲೂ ಇರಲಿಲ್ಲ. ಬ್ಯಾಟರಿ ಇನ್ನೂ ಇತ್ತು, ಲೈನು ಕೂಡಿಯೇ ಇತ್ತು. ಲಾರಿಯ ಸದ್ದು ಒಂದು ಗುಂಡಿಯಲ್ಲಿ ಇಳಿದು, ಕೆಳಗೆ ಬಿದ್ದಿದ್ದ ಕೊಳವೆಯನ್ನು ಹೊಕ್ಕು, ದೂರದ ಇನ್ನೊಂದು ಗುಂಡಿಯ ತಳದ ಹೆಡ್‌ಫೋನಿನಲ್ಲಿ ಸಣ್ಣಗೆ ಕೇಳಿಸಿ, ನಿಂತಿತು.